ಸೂತಕದ ಗುಡಿಸಲು, ದೇವರ ಹೆಸರು

ಹೆಣ್ಣಿನ ಮೇಲಿನ ಹಿಂಸೆ ಎಂದೊಡನೆ ನಾವು ಅಪರಾಧಿಯೊಬ್ಬನನ್ನು ಹುಡುಕುತ್ತೇವೆ. ಆದರೆ ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬೇರೂರಿದ ಸೂತಕದ ಆಚರಣೆಗೆ ಅಂಥ ಒಬ್ಬ ಅಪರಾಧಿ ಸಿಗುವುದಿಲ್ಲ. ಮುಟ್ಟಾದವಳು, ಹಸಿ ಬಾಣಂತಿ ಹಟ್ಟಿಯ ಹೊರಗಿರಬೇಕು, ಇಲ್ಲವಾದರೆ ದೇವರು ಮುನಿಯುತ್ತಾನೆ ಎಂಬ ನಂಬಿಕೆ ಅದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ತೀರಿಕೊಂಡಿತು. ಯಾರಿಗೂ ಕೇಡು ಮಾಡುವ ಮನಸ್ಸಿರಲಿಲ್ಲ. ಎಲ್ಲರೂ ಧರ್ಮ ಪಾಲಿಸಿದ್ದರು. ಹೆಣ್ಣಿನ ದೇಹವೇ ದೋಷ ಎಂದು ಒಮ್ಮೆ ಒಪ್ಪಿಬಿಟ್ಟ ಸಮಾಜಕ್ಕೆ ಅವಳ ನೋವು ತಪ್ಪೆಂದು ಕಾಣುವುದೇ ಇಲ್ಲ. ಮನೆಯೊಳಗಿನ ಹೊಡೆತವೂ ಇದೇ ಕುರುಡಿನ ಆಸರೆಯಲ್ಲಿ ಬೆಳೆಯುತ್ತದೆ.

ಹೆಂಗಸರೇ ಒಪ್ಪಿ ಹೊರಗೆ ಕೂರುತ್ತಾರಲ್ಲ ಎನ್ನುವವರಿದ್ದಾರೆ. ಒಲ್ಲೆ ಎನ್ನಲು ದಾರಿಯಿದ್ದಾಗ ಮಾತ್ರ ಅದು ಒಪ್ಪಿಗೆ. ಕುರಿ ಸತ್ತರೂ ಮಳೆ ತಪ್ಪಿದರೂ ದೂರು ತನ್ನ ತಲೆಗೇ ಎಂದು ಹೆದರಿದವಳ ಮೌನ ಒಪ್ಪಿಗೆಯಲ್ಲ. ಬಡ ಸಮುದಾಯದತ್ತಲೇ ಬೆರಳು ತೋರುವುದೇಕೆ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಪಟ್ಟಣದ ಓದಿದ ಮನೆಗಳಲ್ಲೂ ಮುಟ್ಟಿನ ದಿನಗಳಲ್ಲಿ ದೇವರ ಕೋಣೆ ಹೆಣ್ಣಿಗೆ ಮುಚ್ಚಿರುತ್ತದೆ. ಈ ಆಚರಣೆಗೆ ವಿರೋಧ ಹೊಸದೇನಲ್ಲ: ಶರಣರು 12ನೇ ಶತಮಾನದಲ್ಲೇ ರಜಸ್ಸೂತಕ, ಜನನಸೂತಕಗಳನ್ನು ಅಲ್ಲಗಳೆದರು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಹೊರಗಿಡುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದಿದೆ. ಆದರೆ ಪೊಲೀಸರು ಗುಡಿಸಲು ಕಿತ್ತರೂ ಭಯ ಕೀಳಲಾರರು. ಹಟ್ಟಿಯ ಪೂಜಾರಿಗಳೇ, ಹಿರಿಯರೇ, ಮುಂದಿನ ಬಾಣಂತಿಯನ್ನು ನೀವೇ ಮನೆಯೊಳಗೆ ಕರೆದುಕೊಳ್ಳಿ.