ರೈಲಿನ ಚಿತ್ರಗಳನ್ನು ಎಲ್ಲಿಡೋಣ?

ಕಳೆದ ಭಾನುವಾರ ಬೆಳಿಗ್ಗೆ ಆನೇಕಲ್ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಮ್ಮ ಬೀದಿಯ ಹುಡುಗ ಸಿಕ್ಕ. ಡಿಪ್ಲೊಮಾ ಓದುತ್ತಿದ್ದಾನೆ, ರೈಲೆಂದರೆ ಪ್ರಾಣ. ಹೊಸೂರಿನ ಕಡೆಯಿಂದ ಬಂದ ಗೂಡ್ಸ್ ಗಾಡಿಯನ್ನು ಇಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಮೊಬೈಲಿನಲ್ಲಿ ಹಿಡಿದು, ಅದು ಕಣ್ಮರೆಯಾಗುವ ತನಕ ನೋಡಿ, ಆಮೇಲೆ ನನ್ನ ಕಡೆ ತಿರುಗಿದ. ‘ಅಂಕಲ್, ಫೋನು ತುಂಬಿಹೋಗಿದೆ. ನಾಲ್ಕು ಸಾವಿರ ಫೋಟೊ ಇವೆ, ಎಲ್ಲಾ ರೈಲೇ. ನೆಟ್‌ನಲ್ಲಿ ಎಲ್ಲಾದ್ರೂ ಒಂದು ಕಡೆ ಹಾಕಿಬಿಡಬೇಕು, ನಾಲ್ಕು ಜನ ನೋಡಬೇಕು. ಎಲ್ಲಿ ಹಾಕ್ಲಿ?’ ಎಂದ.

‘ಯೋಚನೆ ಮಾಡಿ ಹೇಳ್ತೀನಿ ಕಣೋ’ ಅಂದೆ. ಹಾಗಂದವನು ವಾರವಿಡೀ ಅದನ್ನೇ ಯೋಚಿಸಿದ್ದೇನೆ.

ಹಳಿ ಊರಿನಿಂದ ದೂರದಲ್ಲಿ ಹಾದುಹೋದರೆ ಸ್ಟೇಷನ್ನಿಗೆ ಊರಿನ ಹೆಸರಿನ ಜೊತೆ ‘ರೋಡ್’ ಸೇರಿಸುವುದು ರೈಲ್ವೆಯ ಹಳೆಯ ರೂಢಿ. ನಮ್ಮದೂ ಹಾಗೇ. ಬೈಯಪ್ಪನಹಳ್ಳಿ, ಕಾರ್ಮೆಲರಾಮ್, ಹೀಲಲಿಗೆ, ಆನೇಕಲ್ ರೋಡ್, ಹೊಸೂರು ಎಂದು ಸಾಗಿ ಧರ್ಮಪುರಿ, ಓಮಲೂರು ದಾಟಿ ಸೇಲಂ ಸೇರುವ ದಾರಿ ಇದು. ನಾನು ಹುಡುಗನಾಗಿದ್ದಾಗ ಇಲ್ಲಿ ಮೀಟರ್ ಗೇಜ್ ಇತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಬಹಳ ವರ್ಷ ಡೀಸೆಲ್ ಇಂಜಿನ್ನುಗಳದೇ ರಾಜ್ಯ. ಈಚೆಗೆ ಕಂಬ ನೆಟ್ಟು ವಿದ್ಯುತ್ ತಂತಿ ಎಳೆದರು. ಈಗ ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ, ಸುಮಾರು 48 ಕಿಲೋಮೀಟರ್, ಎರಡನೇ ಹಳಿಯ ಕೆಲಸ. ಒಬ್ಬ ಮನುಷ್ಯನ ಅರ್ಧ ಆಯುಸ್ಸಿನೊಳಗೆ ಒಂದೇ ಜಾಗ ಇಷ್ಟು ಸಲ ಮುಖ ಬದಲಿಸಿದೆ.

ನನ್ನ ಹಾರ್ಡ್ ಡಿಸ್ಕಿನಲ್ಲಿ ಒಂದು ಚಿತ್ರವಿದೆ. ಡೀಸೆಲ್ ಕಾಲದ್ದು, ಮೋಡ ಕವಿದ ಬೆಳಗು. ಕೃಷ್ಣರಾಜಪುರಂ ಶೆಡ್ಡಿನ ಇಂಜಿನ್ನು ಸ್ಟೇಷನ್ ಬಿಟ್ಟು ಎಳೆಯಲು ಶುರುಮಾಡಿದೆ. ನೆತ್ತಿಯ ಮೇಲೆ ಕರೀ ಹೊಗೆ ಎದ್ದಿದೆ. ಬದಿಯಲ್ಲಿ ಬರೆದ ‘ಕೆಜೆಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆ. ಒಂಟಿ ಹಳಿ. ಪಕ್ಕದಲ್ಲಿ ತೆನೆ ಕಟ್ಟಿದ ರಾಗಿ ಹೊಲ. ಮೇಲೆ ತಂತಿಯಿಲ್ಲ, ಕಂಬವಿಲ್ಲ, ದೂರದಲ್ಲಿ ಒಂದೇ ಒಂದು ಅಪಾರ್ಟ್‌ಮೆಂಟ್ ಇಲ್ಲ. ಗಾರ್ಡ್ ಡಬ್ಬಿಯಿಂದ ಹೊರಚಾಚಿದ ಒಂದು ಕೈ, ಅದರಲ್ಲಿ ಹಸಿರು ಬಾವುಟ. ತೆಗೆದಾಗ ಅದು ನನಗೆ ಸುಮಾರಾದ ಚಿತ್ರ ಅನ್ನಿಸಿತ್ತು. ಇವತ್ತು ಯಾವ ದುಬಾರಿ ಕ್ಯಾಮೆರಾ ಹಿಡಿದು ಹೋಗಿ ಅದೇ ಜಾಗದಲ್ಲಿ ನಿಂತರೂ ಆ ಚಿತ್ರ ಸಿಗುವುದಿಲ್ಲ.

ಹೊಸೂರಿಗೆ ಒಂದು ಕಾಲದಲ್ಲಿ ಮೊರಪ್ಪೂರಿನ ಕಡೆಯಿಂದ, ಧರ್ಮಪುರಿ ಮೇಲೆ, ನ್ಯಾರೋ ಗೇಜ್ ರೈಲು ಬರುತ್ತಿತ್ತು. ಎರಡೂವರೆ ಅಡಿ ಅಗಲದ ಹಳಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅದು ನಿಂತಿತು. ಆ ರೈಲು ಹೊಸೂರಿನಲ್ಲಿ ನಿಂತಿರುವ ಒಂದು ಒಳ್ಳೆಯ ಫೋಟೊ ನೋಡಬೇಕೆಂದು ನಾನು ಎಷ್ಟೋ ವರ್ಷ ಹುಡುಕಿ ಸೋತಿದ್ದೇನೆ. ಯಾರಾದರೂ ತೆಗೆದಿರಬಹುದು, ಯಾವುದೋ ಮನೆಯ ಟ್ರಂಕಿನಲ್ಲಿ ಇದ್ದಿರಲೂಬಹುದು. ಕಣ್ಣಿಗೆ ಬಿದ್ದಿಲ್ಲ, ಅಷ್ಟೆ. ಹುಡುಗನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರಲು ಇದೂ ಕಾರಣ.

ಪುಕ್ಕಟೆ ಜಾಗ ಎಲ್ಲಿದೆ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಬ್ರಿಟನ್ನಿನ ರೈಲುಪ್ರಿಯರು ಕೇಳಿದ್ದೂ ಅದನ್ನೇ. ಅಲ್ಲಿ ಫೋಟೊಪಿಕ್ ಎಂಬ ಸೈಟ್ ಇತ್ತು. ರೈಲು, ಬಸ್ಸು, ಟ್ರ್ಯಾಮ್‌ಗಳ ಚಿತ್ರ ತೆಗೆಯುವವರೆಲ್ಲ ಅಲ್ಲೇ ಗ್ಯಾಲರಿ ಕಟ್ಟಿಕೊಂಡಿದ್ದರು. ಶೆಡ್ಡಿನ ಪ್ರಕಾರ, ಇಂಜಿನ್ನಿನ ನಂಬರಿನ ಪ್ರಕಾರ, ವರ್ಷಗಟ್ಟಲೆ ಕೂತು ಜೋಡಿಸಿದ ಕೆಲಸ. 2011ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿಯಾಗಿ ಸೈಟು ನಿಂತುಹೋಯಿತು. ಮನೆಯಲ್ಲಿ ಮೂಲಪ್ರತಿ ಇಟ್ಟುಕೊಂಡವರ ಚಿತ್ರಗಳು ಉಳಿದವು. ಅಲ್ಲೇ ಬರೆದಿದ್ದ ವಿವರ, ಸೇರಿಸಿದ್ದ ದಿನಾಂಕ, ಹಾಕಿಕೊಂಡಿದ್ದ ಕ್ರಮ ಹೋಯಿತು.

ನನಗೂ ಇಂಥದ್ದೇ ಆಗಿದೆ. ಶಿವಮೊಗ್ಗ–ತಾಳಗುಪ್ಪ ನಡುವೆ ಮೀಟರ್ ಗೇಜಿನ ಮೇಲೆ ರೈಲ್‌ಬಸ್ಸು ಓಡುತ್ತಿದ್ದ ದಿನಗಳಲ್ಲಿ ಎರಡು ಸಲ ಹೋಗಿ ಅದರಲ್ಲಿ ಕೂತು ಬಂದಿದ್ದೆ. ಆ ಚಿತ್ರಗಳನ್ನು ಆಗ ಪುಕ್ಕಟೆ ಜಾಗ ಕೊಡುತ್ತಿದ್ದ ಒಂದು ಸೈಟಿಗೆ ಹಾಕಿ, ಪ್ರತಿಯೊಂದಕ್ಕೂ ಸ್ಟೇಷನ್ನಿನ ಹೆಸರು, ಸಮಯ, ಜೊತೆಗಿದ್ದವರು ಹೇಳಿದ ಮಾತು, ಎಲ್ಲ ಬರೆದಿದ್ದೆ. ಒಂದು ದಿನ ಸೈಟು ಮುಚ್ಚುತ್ತೇವೆಂದು ಈಮೇಲ್ ಬಂದಿತ್ತಂತೆ. ನಾನು ಆ ಈಮೇಲ್ ವಿಳಾಸ ಬಳಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಈಗ ನನ್ನ ಹತ್ತಿರ ಉಳಿದಿರುವುದು ಅಂಗೈಯಗಲದ ಸಣ್ಣ ಪ್ರತಿಗಳು. ಒಂದರಲ್ಲಿ ಹೆಂಗಸೊಬ್ಬರು ಬಾಳೆಗೊನೆ ಇಳಿಸುತ್ತಿದ್ದಾರೆ. ಯಾವ ಸ್ಟೇಷನ್ ಅದು? ನೆನಪಿಲ್ಲ. ಕುಂಸಿ ಇರಬಹುದು, ಆನಂದಪುರ ಇರಬಹುದು. ಬರೆದಿಟ್ಟಿದ್ದೆ, ಚಿತ್ರದ ಜೊತೆ ಇಡಲಿಲ್ಲ.

ಹಾಗಾದರೆ ದೊಡ್ಡ ಹೆಸರಿನ ಜಾಗವೇ ಸರಿಯೇ? ಫ್ಲಿಕರ್ 2004ರಲ್ಲಿ ಶುರುವಾಯಿತು, ಮರುವರ್ಷ ಯಾಹೂ ಕೊಂಡಿತು. 2013ರಲ್ಲಿ ಪ್ರತಿಯೊಬ್ಬರಿಗೂ ಒಂದು ಟೆರಾಬೈಟ್ ಉಚಿತ ಎಂದರು. 2018ರಲ್ಲಿ ಅದು ಸ್ಮಗ್‌ಮಗ್ ಕಂಪನಿಯ ಕೈಗೆ ಹೋಯಿತು. ಆ ವರ್ಷವೇ ಉಚಿತ ಖಾತೆಗೆ ಸಾವಿರ ಚಿತ್ರ ಮಾತ್ರ ಎಂಬ ನಿಯಮ ಬಂತು, ಹೆಚ್ಚಿದ್ದವರು ದುಡ್ಡು ಕಟ್ಟಬೇಕು ಇಲ್ಲವೇ ಇಳಿಸಿಕೊಳ್ಳಬೇಕು ಎಂದು ಗಡುವು ಕೊಟ್ಟರು. ಫೋಟೊಬಕೆಟ್ 2017ರಲ್ಲಿ ಇದ್ದಕ್ಕಿದ್ದಂತೆ, ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಸೈಟುಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಎಂದಿತು. ಗೂಗಲ್‌ನ ಪಿಕಾಸಾ 2016ರಲ್ಲಿ ಮುಚ್ಚಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಇವರಲ್ಲಿ ಯಾರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆ ಅಂದಮೇಲೆ ಬಾಡಿಗೆ ಏರುತ್ತದೆ, ಮಾಲೀಕರು ಬದಲಾಗುತ್ತಾರೆ, ಒಂದು ದಿನ ಖಾಲಿ ಮಾಡಿ ಅನ್ನುತ್ತಾರೆ. ಆದ್ದರಿಂದ ಮನೆ ಹಿಡಿಯುವ ಮೊದಲು ಹೊರಗೆ ಹೋಗುವ ಬಾಗಿಲು ನೋಡಬೇಕು. ಎಲ್ಲ ಸಾಮಾನು ಆ ಬಾಗಿಲಲ್ಲಿ ಹಿಡಿಸುತ್ತದೆಯೇ?

ಹುಡುಗನಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನೂರು ಚಿತ್ರ ಹಾಕುವುದು ಎಲ್ಲ ಕಡೆ ಸುಲಭ. ನೂರನ್ನೂ ಒಟ್ಟಿಗೆ, ಮೂಲ ಗಾತ್ರದಲ್ಲಿ, ಬರೆದ ವಿವರದ ಸಮೇತ ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಮೊದಲ ವಾರವೇ ಪರೀಕ್ಷೆ ಮಾಡಬೇಕು. ಚಿತ್ರ ತೆಗೆದ ದಿನ, ಹೊತ್ತು, ಕ್ಯಾಮೆರಾ ಇವೆಲ್ಲ ಫೈಲಿನೊಳಗೇ ಕೂತಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಆ ಮಾಹಿತಿಯೂ ಉದುರಿಹೋಗುತ್ತದೆ; ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಹಾಗೇ ಹೋಗುತ್ತದೆ. ನಾವು ಸೈಟಿನಲ್ಲಿ ಟೈಪ್ ಮಾಡುವ ವಿವರವಾದರೋ ಸಾಮಾನ್ಯವಾಗಿ ಚಿತ್ರದೊಳಗೆ ಸೇರುವುದೇ ಇಲ್ಲ, ಆ ಸೈಟಿನ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಫ್ಲಿಕರ್ ಮತ್ತು ಗೂಗಲ್ ಎರಡೂ ಕೇಳಿದರೆ ಅದನ್ನು ಬೇರೆ ಫೈಲಾಗಿ ಕೊಡುತ್ತವೆ. ಮೊದಲೇ ಮನೆಯ ಕಂಪ್ಯೂಟರಿನಲ್ಲಿ ಫೋಟೊ ಫೈಲಿನೊಳಕ್ಕೇ ವಿವರ ಬರೆದು ಆಮೇಲೆ ಹಾಕುವುದು ಇನ್ನೂ ಒಳ್ಳೆಯದು. ಮೂಲಪ್ರತಿ ಮಾತ್ರ ಮನೆಯಲ್ಲಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇರಲಿ. ಒಂದು ಡಿಸ್ಕು ಇನ್ನೊಬ್ಬರ ಮನೆಯಲ್ಲಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ರೈಲಿನ ಚಿತ್ರಕ್ಕೆ ಇನ್ನೊಂದು ವಿಚಾರವಿದೆ: ನೋಡುವವರು ಯಾರು? ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ನಾಲ್ಕು ದಿನ ಓಡಿ ಮುಳುಗುತ್ತದೆ. ಅಲ್ಲಿನ ಲೈಕಿನ ಆಸೆಗೆ ಹಳಿಯ ನಡುವೆ ನಿಂತು ವಿಡಿಯೊ ಮಾಡುವ ಹುಡುಗರನ್ನು ಹೀಲಲಿಗೆಯ ಹತ್ತಿರ ನಾನೇ ಕೂಗಿ ಓಡಿಸಿದ್ದೇನೆ. ಹಳಿಯ ಮೇಲೆ ಹಾಗೆ ನುಗ್ಗುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಕಾನೂನು ಹಾಗಿರಲಿ, ಜೀವ ಹೋಗುತ್ತದೆ. ಆ ಪೈಪೋಟಿ ಇಲ್ಲದ ಜಾಗ ಬೇಕು ನಮಗೆ.

ಅಂಥ ಜಾಗ ಇದೆ. 1989ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಕೆಲವು ಭಾರತೀಯ ವಿದ್ಯಾರ್ಥಿಗಳು ಕೂಡಿ ಶುರುಮಾಡಿದ ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್, ಐಆರ್‌ಎಫ್‌ಸಿಎ ಎಂದರೆ ರೈಲಿನ ಹುಚ್ಚಿರುವವರಿಗೆಲ್ಲ ಗೊತ್ತು. ಅವರ ಗ್ಯಾಲರಿಯನ್ನು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ನೋಡಲು ಹಳೆಯ ಕಾಲದ ಸೈಟಿನಂತಿದೆ, ಥಳಕಿಲ್ಲ. ಆದರೆ ಅಲ್ಲಿಗೆ ಬರುವವನು ಇಂಜಿನ್ನಿನ ಬದಿಯ ಮೂರಕ್ಷರ ನೋಡಿ ಅದು ಯಾವ ಶೆಡ್ಡು, ಯಾವ ಜಾತಿ ಎಂದು ಹೇಳಬಲ್ಲವನು. ನೀನು ತಪ್ಪು ಬರೆದಿದ್ದರೆ ತಿದ್ದುತ್ತಾನೆ. ನನ್ನ ಮಟ್ಟಿಗೆ ಸಾವಿರ ಲೈಕಿಗಿಂತ ಆ ತಿದ್ದುಪಡಿ ದೊಡ್ಡದು.

ಎರಡನೆಯದು ವಿಕಿಮೀಡಿಯ ಕಾಮನ್ಸ್. ಇದೂ 2004ರದ್ದೇ, ಲಾಭದ ಕಂಪನಿಯದ್ದಲ್ಲ, ವಿಕಿಪೀಡಿಯ ನಡೆಸುವ ಸಂಸ್ಥೆಯದ್ದು. ಇಲ್ಲಿ ಹಾಕಿದ ಚಿತ್ರವನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ದುಡ್ಡು ಮಾಡುವವರೂ ಬಳಸಬಹುದು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮನಸ್ಸು ಒಪ್ಪದವರು ಹಾಕುವುದು ಬೇಡ. ನನ್ನ ಮನಸ್ಸು ಒಪ್ಪುತ್ತದೆ, ಎಲ್ಲ ಚಿತ್ರಕ್ಕಲ್ಲ. ಸ್ಟೇಷನ್ನಿನ ಹಳೆಯ ಕಟ್ಟಡ, ಬಾವಿ, ಕಲ್ಲಿನ ಸೇತುವೆ, ಮುಚ್ಚಲಿರುವ ಗೇಟು ಇಂಥವಕ್ಕೆ. ಅಲ್ಲಿ ಚಿತ್ರದ ಕೆಳಗೆ ಕನ್ನಡದಲ್ಲೇ ವಿವರ ಬರೆಯಬಹುದು. ‘ಹೀಲಲಿಗೆ’ ಎಂದು ನಮ್ಮ ಅಕ್ಷರದಲ್ಲಿ ಹುಡುಕುವ ಶಾಲೆಯ ಮಗುವಿಗೆ ನಮ್ಮ ಅಕ್ಷರದಲ್ಲಿ ಬರೆದ ಚಿತ್ರ ಸಿಗಬೇಡವೇ? ಈ ಕೆಲಸ ಮಾಡುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ದುಡ್ಡು ಕೊಟ್ಟು ಇಡುವ ಜಾಗಗಳ ಬಗ್ಗೆ ಒಂದೇ ಮಾತು. ಚೆನ್ನಾಗಿವೆ, ಅಂದವಾಗಿ ತೋರಿಸುತ್ತವೆ, ಸೌಕರ್ಯವೂ ಇದೆ. ಆದರೆ ಕಟ್ಟುವವರು ಇರುವ ತನಕ. ಕಾರ್ಡಿನ ಅವಧಿ ಮುಗಿದು, ಮನೆಯವರಿಗೆ ಪಾಸ್‌ವರ್ಡ್ ಗೊತ್ತಿಲ್ಲದೆ, ನಲವತ್ತು ವರ್ಷ ಇಂಜಿನ್ನುಗಳ ಬೆನ್ನು ಹತ್ತಿದವರ ಸಂಗ್ರಹ ಮುಚ್ಚಿಹೋಗಬಹುದು. ನಾನು ನನ್ನ ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟು ಹೆಂಡತಿಗೆ ತೋರಿಸಿದ್ದೇನೆ.

ನಿನ್ನೆ ಸಂಜೆ ಹುಡುಗ ಮನೆಗೆ ಬಂದ. ನಾಲ್ಕು ಸಾವಿರವನ್ನೂ ಎಲ್ಲೂ ಹಾಕಬೇಡ, ನಾನೂರು ಆರಿಸು ಎಂದೆ. ಮುಖ ಸಪ್ಪಗಾಯಿತು. ಇಬ್ಬರೂ ಕೂತು ಬರೀ ಹತ್ತನ್ನು ಆರಿಸುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು. ಅವನು ಚೆನ್ನಾಗಿ ಬಂದಿದೆ ಎಂದು ತೋರಿಸಿದ್ದು ವಂದೇ ಭಾರತ್ ಮಿಂಚಿನಂತೆ ಹಾಯುವ ಚಿತ್ರ. ನನ್ನ ಕಣ್ಣು ನಿಂತದ್ದು ಅವನು ಅಳಿಸಬೇಕೆಂದಿದ್ದ ಒಂದರ ಮೇಲೆ. ಗೂಡ್ಸ್ ಗಾಡಿ ಓರೆಯಾಗಿದೆ, ಇಂಜಿನ್ನು ಅರ್ಧ ಕತ್ತರಿಸಿದೆ, ಆದರೆ ಎಡಗಡೆ ಎರಡನೇ ಹಳಿಗೆ ಹಾಕಿದ ಹೊಸ ಮಣ್ಣಿನ ಏರಿ, ಅದರ ಮೇಲೆ ತಲೆಗೆ ಟವೆಲ್ ಸುತ್ತಿ ಬುತ್ತಿ ಬಿಚ್ಚಿ ಕೂತ ನಾಲ್ವರು ಕೆಲಸಗಾರರು. ಇದನ್ನು ಮೊದಲು ಹಾಕು ಎಂದೆ. ಕೆಳಗೆ ಅವನೇ ಬರೆದ: ‘ಆನೇಕಲ್ ರೋಡ್. ಹೊಸೂರು ಕಡೆಯಿಂದ ಬೆಂಗಳೂರಿಗೆ ಗೂಡ್ಸ್. ಎಡಕ್ಕೆ ಎರಡನೇ ಹಳಿಯ ಕೆಲಸ. ಮಧ್ಯಾಹ್ನದ ಊಟದ ಹೊತ್ತು.’ ದಿನಾಂಕವನ್ನೂ ಹಾಕಿದ. ಆಮೇಲೆ ಹತ್ತನ್ನೂ ವಾಪಸ್ ಇಳಿಸಿ ನೋಡಿದೆವು. ಚಿತ್ರವೂ ಬಂತು, ಬರೆದದ್ದೂ ಬಂತು.

ಓದುಗರಲ್ಲಿ ಒಂದು ಕೇಳಿಕೆ ಇದೆ. ಆನೇಕಲ್ ರೋಡ್ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ರೈಲು ನಿಂತಿರುವ ಒಂದು ಫೋಟೊವೂ ನನ್ನ ಹತ್ತಿರ ಇಲ್ಲ. ಆಗ ನನ್ನಲ್ಲಿ ಕ್ಯಾಮೆರಾ ಇರಲಿಲ್ಲ. ಮದುವೆಗೆ ಹೊರಟಾಗ, ಸೇಲಂ ಕಡೆಗೆ ಯಾತ್ರೆ ಹೋದಾಗ, ಯಾರನ್ನೋ ಕಳಿಸಲು ಬಂದಾಗ ನಿಮ್ಮ ಮನೆಯವರು ಅಲ್ಲಿ ನಿಂತು ತೆಗೆಸಿಕೊಂಡ ಚಿತ್ರವೇನಾದರೂ ಹಳೆಯ ಆಲ್ಬಂನಲ್ಲಿದ್ದರೆ, ಹಿಂದೆ ಮುಂದೆ ಕಾಣುವ ಬೋಗಿಯ ಒಂದು ತುಂಡಾದರೂ ಇದ್ದರೆ, ದಯವಿಟ್ಟು ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಊರು, ವರ್ಷ, ಇರುವವರ ಹೆಸರು ಈಗಲೇ ಬರೆದಿಡಿ. ಗೊತ್ತಿರುವ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆಯಿರಿ. ಸ್ಕ್ಯಾನ್ ಮಾಡಿ ಎಲ್ಲಿಡಬೇಕೆಂಬುದನ್ನು ಆಮೇಲೆ ನೋಡೋಣ.