ಅರ್ಧ ಗಂಟೆಯ ಕೊಡುಗೆ



ಮುಂಜಾನೆ ಕೊಡಿಯಾಲ್‌ಬೈಲಿನಿಂದ ಬಾವುಟಗುಡ್ಡೆಗೆ ಏರುವ ದಾರಿಯಲ್ಲಿ, ಕದ್ರಿ ಉದ್ಯಾನದಲ್ಲಿ ವಾಯುವಿಹಾರಕ್ಕೆ ಬರುವವರನ್ನು ನೀವು ಕಂಡಿದ್ದೀರಿ. ಅಲ್ಲಿ ಯಾರು ಕಾಣುವುದಿಲ್ಲವೆಂದು ಎಂದಾದರೂ ಗಮನಿಸಿದ್ದೀರಾ? ಮದುವೆಗೆ ಮುನ್ನ ಕಾಲೇಜಿನ ತಂಡದಲ್ಲಿ ಆಡುತ್ತಿದ್ದ ಗೃಹಿಣಿ, ಪತ್ನಿ ತೀರಿಕೊಂಡ ಮೇಲೆ ಗೇಟು ದಾಟದ ವೃದ್ಧ. ಇಂಥವರಿಲ್ಲದ ವಾಳೆ ನಮ್ಮಲ್ಲಿ ಯಾವುದಿದೆ?

ಮದುವೆಯು ವ್ಯಾಯಾಮದ ಅಭ್ಯಾಸವನ್ನು ಬೆಳೆಸುತ್ತದೆಯೇ, ಅಳಿಸುತ್ತದೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಿವಾಹಿತರಾಗಿಯೇ ಉಳಿದವರಿಗಿಂತ ಹೊಸದಾಗಿ ಮದುವೆಯಾದವರ ದೈಹಿಕ ಚಟುವಟಿಕೆ ಹೆಚ್ಚಿದ್ದು ಕಂಡುಬಂತು. ಅದೇ ದೇಶದಲ್ಲಿ 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ವಿವಾಹಿತರು ವ್ಯಾಯಾಮಕ್ಕೆ ಕಡಿಮೆ ಸಮಯ ಕೊಡುತ್ತಾರೆಂದಿತು. ಹಾಗಾದರೆ ಮದುವೆಯೊಂದೇ ಇದನ್ನು ನಿರ್ಧರಿಸುವುದಿಲ್ಲ. ಮನೆಯ ಸಮಯವನ್ನು ಯಾರು, ಹೇಗೆ ಹಂಚಿಕೊಳ್ಳುತ್ತಾರೆಂಬುದನ್ನೂ ನಾವು ಕೇಳಬೇಕು.

2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದು ಅಂದಾಜಿಸಲಾಗಿದೆ. ಅದು ಮಹಿಳೆಯರಲ್ಲಿ ಶೇ. 57, ಪುರುಷರಲ್ಲಿ ಶೇ. 42. ಮನೆಗೆಲಸವೂ ದುಡಿಮೆಯೇ, ನಿಜ. ಆದರೆ ಒಲೆಯ ಮುಂದೆ ನಿಂತ ಗಂಟೆಗಳು ಬಿರುಸಿನ ನಡಿಗೆಗೆ ಸಮವಲ್ಲ. ಅವು ಮನಸ್ಸಿಗೆ ಬಿಡುವನ್ನೂ ಕೊಡುವುದಿಲ್ಲ.

'ಮಕ್ಕಳನ್ನು ಬಿಟ್ಟು ನಾನು ನಡೆಯಲು ಹೋಗುವುದು ಸ್ವಾರ್ಥವಲ್ಲವೇ?' ಎಂದು ತಾಯಿಯೊಬ್ಬಳು ಕೇಳಬಹುದು. ವಿವಾಹ ಸಂಸ್ಕಾರದಲ್ಲಿ ನಾವು ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುವೆವೆಂದು ಮಾತು ಕೊಟ್ಟಿದ್ದೇವೆ. ಸಂಗಾತಿ ಹಾಸಿಗೆ ಹಿಡಿದಾಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ನಾವು, ಆರೋಗ್ಯವಾಗಿದ್ದಾಗ ಅದನ್ನು ಕಾಯಲು ಅರ್ಧ ಗಂಟೆ ಬಿಟ್ಟುಕೊಡಲು ಹಿಂಜರಿಯುತ್ತೇವೆ. ಆ ವಾಗ್ದಾನದ ಮೊದಲ ಭಾಗವನ್ನು ನಾವು ಮರೆತಿದ್ದೇವೆಯೇ?

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಸೂಚಿಸುತ್ತದೆ. ಅಂದರೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಪತಿ ಬೆಳಗ್ಗೆ ಮಕ್ಕಳ ಬುತ್ತಿ ಕಟ್ಟಿಕೊಟ್ಟರೆ ಪತ್ನಿಗೆ ಆ ಅರ್ಧ ಗಂಟೆ ದೊರೆಯುತ್ತದೆ. ಸಂಜೆ ಪತ್ನಿ ಅದನ್ನು ಪತಿಗೆ ಮರಳಿಸಬಹುದು.

ಆದರೆ ಒಬ್ಬರೇ ಉಳಿದಾಗ? ಜೊತೆಗೆ ನಡೆಯುತ್ತಿದ್ದವರು ಇಲ್ಲವಾದ ಮೇಲೆ ಅದೇ ದಾರಿಯಲ್ಲಿ ಒಂಟಿಯಾಗಿ ಹೆಜ್ಜೆಯಿಡುವುದು ಸುಲಭವಲ್ಲ. ಅಗಲಿದವರ ತಿಂಗಳ ಪೂಜೆಗೆ ನಾವು ತಪ್ಪದೆ ಹೋಗುತ್ತೇವೆ. ಮರುದಿನ ಬೆಳಗ್ಗೆ ಅದೇ ಮನೆಯ ಗೇಟಿನ ಬಳಿ ನಿಂತು, 'ಬನ್ನಿ, ಸ್ವಲ್ಪ ದೂರ ನಡೆದು ಬರೋಣ' ಎಂದು ಕರೆಯುವುದೂ ನೆರೆಯವರ ಕರ್ತವ್ಯವಲ್ಲವೇ? ನಿಮ್ಮ ವಾಳೆಯಲ್ಲಿ ಆ ಕರೆಗಾಗಿ ಕಾದಿರುವವರು ಯಾರು?