ಹೂ ಬಿಟ್ಟ ಮೇಲೆ ಗಡ್ಡೆ ಏನಾಗುತ್ತೆ?

ಇವತ್ತು ಮೊದಲು ಒಂದು ಗಡ್ಡೆಯ ವಿಷಯ ಹೇಳ್ತೀನಿ.

ಹಯಸಿಂತ್ ಅಂತ ಒಂದು ಹೂವಿದೆ. ಗಡ್ಡೆ ನೋಡೋಕೆ ಈರುಳ್ಳಿ ಥರ. ಕತ್ತು ಸಣ್ಣಗಿರೋ ಗಾಜಿನ ಪಾತ್ರೆಯ ಮೇಲೆ ಅದನ್ನು ಕೂರಿಸಿ, ಬುಡಕ್ಕೆ ತಾಗೀತಾಗದ ಹಾಗೆ ನೀರು ತುಂಬಿಸ್ತಾರೆ. ಮಣ್ಣು ಬೇಡ, ಗೊಬ್ಬರ ಬೇಡ. ಆದರೆ ಚಳಿ ಬೇಕು, ಹತ್ತು ಹನ್ನೆರಡು ವಾರ ಕತ್ತಲೆಯೂ ಬೇಕು. ಯುರೋಪಿನಲ್ಲಿ ಚಳಿಗಾಲವೇ ಅದನ್ನು ಕೊಡುತ್ತೆ, ಬೆಂಗಳೂರಲ್ಲಿ ಫ್ರಿಜ್ಜೇ ಗತಿ. (ಪಕ್ಕದಲ್ಲಿ ಸೇಬು ಮಾತ್ರ ಇಡಬೇಡಿ. ಹಣ್ಣಿನಿಂದ ಬರೋ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಹಾಳುಮಾಡುತ್ತೆ.) ಆಮೇಲೆ ಬೆಳಕಿಗೆ ತಂದರೆ, ಕಾಲಕ್ಕಿಂತ ಮೊದಲೇ ಮನೆಯೊಳಗೆ ಹೂ. ರೂಮೆಲ್ಲಾ ಘಮ.

ಆ ಹೂ ಎಲ್ಲಿಂದ ಬಂತು? ಬರೀ ನೀರಿನಲ್ಲಿ ಆಹಾರ ಇಲ್ಲ. ಹಿಂದಿನ ವರ್ಷ ಬಿಸಿಲಲ್ಲಿ ಎಲೆಗಳು ದುಡಿದು ಗಡ್ಡೆಯಲ್ಲಿ ಕೂಡಿಟ್ಟಿದ್ದು ಈಗ ಖರ್ಚಾಗ್ತಿದೆ. ಹೂ ಬಾಡುವಷ್ಟರಲ್ಲಿ ಗಡ್ಡೆ ಬರಿದು. ನೀರಲ್ಲಿ ಬೆಳೆಸಿದ್ದನ್ನು ಸಾಮಾನ್ಯವಾಗಿ ಎಸೆದುಬಿಡ್ತಾರೆ. ಅದು ತಪ್ಪಾ? ನನಗೆ ಹಾಗೆ ಅನಿಸಲ್ಲ. ಗಡ್ಡೆ ಗಡ್ಡೆನೇ. ಮನೆಗೆ ಸಂತೋಷ ಕೊಟ್ಟಿತು, ಮುಗೀತು.

ಆದರೆ ಸಭೆಯಲ್ಲಿ ಮನುಷ್ಯರನ್ನು ಹೀಗೆ ನಡೆಸಿಕೊಳ್ಳಬಹುದಾ?

ಹತ್ತೊಂಬತ್ತು ವಯಸ್ಸಿನ ಒಬ್ಬ ತಮ್ಮ ರಕ್ಷಣೆ ಹೊಂದುತ್ತಾನೆ ಅಂತಿಟ್ಟುಕೊಳ್ಳಿ. ಒಳ್ಳೆ ಕಂಠ. ದೀಕ್ಷಾಸ್ನಾನ ಆಗಿ ಮೂರು ತಿಂಗಳಿಗೆ ಕೀಬೋರ್ಡ್, ಸಂಡೇ ಸ್ಕೂಲ್, ಶುಕ್ರವಾರದ ರಾತ್ರಿ ಪ್ರಾರ್ಥನೆ, ರೀಲ್ಸ್ ಎಡಿಟಿಂಗ್. ಎರಡು ವರ್ಷಕ್ಕೆ ಅವನು ತಡವಾಗಿ ಬರೋಕೆ ಶುರುಮಾಡ್ತಾನೆ. ಆಮೇಲೆ ಬರೋದೇ ಇಲ್ಲ. ಅಷ್ಟರಲ್ಲಿ ಕೀಬೋರ್ಡಿಗೆ ಇನ್ನೊಬ್ಬ ಸಿಕ್ಕಿರ್ತಾನೆ. ಮೊದಲನೆಯವನಿಗೆ ಯಾರಾದರೂ ಫೋನ್ ಮಾಡ್ತಾರಾ?

ನೀವು ಕೇಳಬಹುದು: ಬ್ರದರ್, ಗೋಧಿಕಾಳು ನೆಲಕ್ಕೆ ಬಿದ್ದು ಸಾಯಬೇಕು ಅಂತ ಯೇಸುವೇ ಹೇಳಲಿಲ್ವಾ? ಹೇಳಿದ್ದಾರೆ, ಯೋಹಾನ 12ರಲ್ಲಿದೆ. ಆದರೆ ಅದಕ್ಕೆ ಮುಂಚೆ 10ನೇ ಅಧ್ಯಾಯವನ್ನೂ ಓದಿ. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳೋದಿಲ್ಲ, ತಾನಾಗಿಯೇ ಕೊಡ್ತೀನಿ ಅನ್ನೋ ಅರ್ಥದಲ್ಲಿ ಅಲ್ಲಿ ಕರ್ತನು ಮಾತಾಡುತ್ತಾನೆ. ನನ್ನನ್ನು ನಾನು ಸುರಿದುಕೊಂಡರೆ ಅದು ಅರ್ಪಣೆ. ನಿಮ್ಮನ್ನು ನಾನು ಸುರಿದರೆ? ಅದಕ್ಕೆ ಬೇರೆ ಹೆಸರಿದೆ, ಆರಾಧನೆ ಅಂತ ಕರೆಯೋಕಾಗಲ್ಲ.

1 ಅರಸುಗಳು 19 ನೋಡಿ. ಕರ್ಮೆಲಿನಲ್ಲಿ ಬೆಂಕಿ ಇಳಿದ ಮೇಲೆ ಎಲೀಯ ಒಂದು ಗಿಡದ ಕೆಳಗೆ ಬಿದ್ದು ಸಾವು ಕೇಳ್ತಾನೆ. ದೇವದೂತ ಬಂದು ಅವನನ್ನು ಗದರಲಿಲ್ಲ, ಮುಂದಿನ ಮೀಟಿಂಗಿನ ಡೇಟನ್ನೂ ಕೊಡಲಿಲ್ಲ. ರೊಟ್ಟಿ, ನೀರು. ಮತ್ತೆ ನಿದ್ದೆ. ಮತ್ತೆ ರೊಟ್ಟಿ. ಹೊಸ ಕೆಲಸ ಸಿಕ್ಕಿದ್ದು ನಲವತ್ತು ದಿನ ನಡೆದು ಹೋರೇಬಿಗೆ ಸೇರಿದ ಮೇಲೆ.

ಮಣ್ಣಲ್ಲಿ ನೆಟ್ಟ ಹಯಸಿಂತ್‌ಗೆ ತೋಟಗಾರರು ಮಾಡೋದೂ ಇಂಥದ್ದೇ. ಬಾಡಿದ ಹೂ ಕತ್ತರಿಸಿ, ಎಲೆಗಳು ತಾವಾಗಿ ಹಳದಿಯಾಗೋವರೆಗೆ ಬಿಸಿಲಲ್ಲಿ ಬಿಡ್ತಾರೆ. ಆಗ ಅದು ನೋಡೋಕೆ ಚೆಂದ ಇರಲ್ಲ. ಆದರೆ ಗಡ್ಡೆ ಮತ್ತೆ ತುಂಬಿಕೊಳ್ಳೋದು ಆಗಲೇ.

ವರ್ಶಿಪ್ ಟೀಮಿನಲ್ಲಿ ದಣಿದವರು ಯಾರಾದರೂ ಇದ್ದರೆ ಆರಾಧನೆ ಮುಗಿದ ಮೇಲೆ ಬಂದು ಹೇಳಿ. ಕಾರಣ ಕೇಳಲ್ಲ, ನಿಮ್ಮ ಜಾಗವೂ ಹೋಗಲ್ಲ. ಸುಮ್ಮನೆ ಬಂದು ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಕೀಬೋರ್ಡ್ ತಾನೇ, ಒಂದೆರಡು ತಿಂಗಳು ಚಪ್ಪಾಳೆ ತಟ್ಟಿಕೊಂಡೇ ಹಾಡೋಣ.